ಪಡಸಾಲೆಯ ಕತ್ತಲೆ ಮೂಲೆ

ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಆಫ್ರೀನಳದೊಂದು ಸಣ್ಣ ಸ್ಟುಡಿಯೋ ಇದೆ. ಸ್ಟುಡಿಯೋ ಅಂತ ಬೋರ್ಡಿನಲ್ಲಿದೆ ಅಷ್ಟೇ, ಒಳಗೆ ನಡೆಯುವುದೆಲ್ಲ ಪಾಸ್‌ಪೋರ್ಟ್ ಫೋಟೋ, ಝೆರಾಕ್ಸು, ಲ್ಯಾಮಿನೇಷನ್ನು. ಮೊನ್ನೆ ಕಾಲೇಜು ಹುಡುಗಿಯೊಬ್ಬಳು ಬಂದು, ಹೊಳೆ ದಂಡೆಯಲ್ಲಿ ತೆಗೆದ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿ, "ನೋಡ್ರಿ ಅಕ್ಕ, ಇದರಾಗ ಎಚ್‌ಡಿಆರ್ ಐತಿ. ನಾವೇನೂ ಮಾಡೂದಿಲ್ಲ, ತಾನ ಮಾಡ್ಕೊಂತೈತಿ," ಅಂದಳು. ಆಫ್ರೀನ್ "ಚೊಲೋ ಬಂದೈತಿ ಬಿಡು" ಅಂದು ಪ್ರಿಂಟ್ ಹಾಕಿಕೊಟ್ಟಳು. ಹುಡುಗಿ ಹೋದ ಮೇಲೆ ಮಾತ್ರ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ತಾನೇ ಮಾಡಿಕೊಳ್ಳುತ್ತದಂತೆ! ಅದೇ ಎಚ್‌ಡಿಆರ್ ಒಂದು ಕಾಲದಲ್ಲಿ ಅವಳ ತಲೆ ತಿಂದು, ಕಣ್ಣೀರು ಹಾಕಿಸಿ, ಬೇಸಿಗೆಯ ಬಿಸಿಲಲ್ಲಿ ಕುರುಗೋಡಿಗೂ ಬಳ್ಳಾರಿಗೂ ಅಲೆಸಿತ್ತು.

ಆಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಅವಳ ಅಬ್ಬಾ ಇಮಾಮಸಾಬರ ಸ್ಟುಡಿಯೋ. ಗಣಿಯ ದುಡ್ಡು ಊರೊಳಗೆ ಹೊಳೆಯಾಗಿ ಹರಿಯುತ್ತಿದ್ದ ಕಾಲ. ನಿನ್ನೆಯವರೆಗೆ ಸೈಕಲ್ ತುಳಿದವರು ಇವತ್ತು ಕಾರಿನ ಬಣ್ಣ ಆರಿಸುತ್ತಿದ್ದರು. ಅದಿರಿನ ಲಾರಿಗಳು ಎಬ್ಬಿಸಿದ ಕೆಂಪು ಧೂಳು ರಸ್ತೆಯ ಮರ, ಎಮ್ಮೆ, ಎಳನೀರಿನ ಗಾಡಿ ಎನ್ನದೆ ಎಲ್ಲವನ್ನೂ ಒಂದೇ ಬಣ್ಣ ಮಾಡಿಬಿಟ್ಟಿತ್ತು. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗಿರುತ್ತಿತ್ತು. ಇಮಾಮಸಾಬರು ದಿನಾ ಲೆನ್ಸ್ ಒರೆಸುತ್ತಾ, "ಲೆನ್ಸಿಗೂ ಸನ್ಯಾಸ ಕೊಟ್ಟಬಿಟ್ರು ನೋಡು," ಅಂತ ನಗುತ್ತಿದ್ದರು.

ಹೊಸ ದುಡ್ಡಿಗೆ ಹೊಸ ಫೋಟೋ ಬೇಕಾಗಿತ್ತು. ಬಣ್ಣ ಕುಕ್ಕಬೇಕು, ಆಕಾಶ ಮಿಂಚಬೇಕು. ಹಾಗಾಗಿ ಇಮಾಮಸಾಬರು ಫೋಟೋ ತೊಳೆಯುವ ಹಳೆಯ ಡಾರ್ಕ್ ರೂಮಿನ ಗೋಡೆ ಒಡೆಸಿ, ಗಾಜಿನ ಬಾಗಿಲಿಟ್ಟು, ಮಗಳಿಗೊಂದು ಕಂಪ್ಯೂಟರ್ ತಂದುಕೊಟ್ಟಿದ್ದರು. ಕೆಂಪು ಬಲ್ಬಿನ ಆ ಕತ್ತಲೆ ಕೋಣೆಯಲ್ಲೇ ಆಫ್ರೀನ್ ಬೆಳೆದದ್ದು. ಸ್ಟೂಲಿನ ಮೇಲೆ ನಿಂತು, ತಟ್ಟೆಯ ನೀರೊಳಗೆ ಬಿಳಿ ಕಾಗದದ ಮೇಲೆ ಯಾರದೋ ಮೂಗು, ಯಾರದೋ ಮೀಸೆ ಮೆಲ್ಲಗೆ ಮೂಡುವುದನ್ನು ನೋಡುತ್ತ ಎಷ್ಟೋ ಸಂಜೆ ಕಳೆದಿದ್ದಳು. ಗಾಜಿನ ಬಾಗಿಲು ಬಂದ ದಿನ ಅವಳಿಗೆ ಖುಷಿಯಾದರೂ, ಹಳೆಯ ಕೆಂಪು ಬಲ್ಬನ್ನು ಎತ್ತಿ ಜೋಪಾನ ಮಾಡಿದ್ದಳು.

ಆ ಗಾಜಿನ ಬಾಗಿಲು ತಳ್ಳಿಕೊಂಡು ಒಂದು ದಿನ ಎರ್ರಿಸ್ವಾಮಿ ಬಂದ. ಕುರುಗೋಡಿನವನು. ಮೊದಲು ಬೇರೆಯವರ ಲಾರಿ ಓಡಿಸುತ್ತಿದ್ದವನು ಈಗ ಸ್ವಂತ ಲಾರಿಗಳ ಮಾಲೀಕ. ಫೋನಿನಲ್ಲಿ ಡ್ರೈವರಿಗೆ ತೆಲುಗಿನಲ್ಲಿ ಬೈದು ಮುಗಿಸಿ, ಕುರ್ಚಿ ಎಳೆದುಕೊಂಡು ಕೂತ.

"ಇಮಾಮಣ್ಣ, ಹೊಸಪೇಟಿ ಹೋಟೆಲಿನ್ಯಾಗ ಒಂದು ಫೋಟೋ ನೋಡೀನಿ. ಒಳಗಿಂದೂ ಕಾಣತೈತಿ, ಕಿಟಕಿ ಹೊರಗಿಂದೂ ಕಾಣತೈತಿ. ಅಂಥಾದ್ದು ನಮ್ಮನೀದು ಬೇಕು. ಮನಿ ಕೆಡವಾಕ ಹತ್ತೀವಿ."

"ಯಾಕ್ರಿ, ಗಟ್ಟಿ ಮನಿ ಅಲ್ಲೇನ್ರಿ ಅದು?"

"ಗಟ್ಟಿ ಎಲ್ಲೈತಿ? ಮಣ್ಣಿನ ಮಾಳಿಗಿ. ಹೋದ ಮಳಿಗಾಲದಾಗ ಮ್ಯಾಲಿಂದ ಹಾವು ಬಿತ್ತು, ನಮ್ಮ ಹುಡುಗನ ತೊಟ್ಟಲ ಬಾಜೂಕ. ಅವತ್ತ ನಿಶ್ಚೇ ಮಾಡಿದೆ. ಅವ್ವನೂ ನಕ್ಕೊಂತ ಹ್ಞೂಂ ಅಂದ್ಳು. ಆದ್ರ ಒಂದ ಮಾತು ಇಟ್ಟಾಳ. ಮನೀದು ಫೋಟೋ ತೆಗಸು, ಅದು ಸರಿ ಬಂತು ಅಂತ ನಾ ಅನ್ನೂತನಕ ಒಂದು ಗ್ವಾಡಿ ಮುಟ್ಟಬ್ಯಾಡ ಅಂತಾಳ. ಮಳಿ ಬರೂದ್ರಾಗ ಹೊಸ ಗ್ವಾಡಿ ಏಳಬೇಕಣ್ಣ, ಲಗೂ ಮಾಡಿಕೊಡ್ರಿ."

ಹೋಟೆಲಿನ ಆ ಫೋಟೋದ ಗುಟ್ಟು ಆಫ್ರೀನಳಿಗೆ ಗೊತ್ತಿತ್ತು. ಕ್ಯಾಮೆರಾ ಮನುಷ್ಯರ ಕಣ್ಣಿನಷ್ಟು ಉದಾರಿಯಲ್ಲ. ಬಿಸಿಲಿಗೆ ಹೊಂದಿಸಿದರೆ ಒಳಗೆಲ್ಲ ಮಸಿ, ಒಳಗಿನದಕ್ಕೆ ಹೊಂದಿಸಿದರೆ ಕಿಟಕಿಯೆಲ್ಲ ಸುಣ್ಣ. ಅದಕ್ಕೇ ಕ್ಯಾಮೆರಾವನ್ನು ಅಲುಗಾಡದಂತೆ ಸ್ಟ್ಯಾಂಡಿಗೆ ಕೂರಿಸಿ, ಒಂದು ಕಪ್ಪಗೆ, ಒಂದು ಹದವಾಗಿ, ಒಂದು ತೀರ ಬೆಳ್ಳಗೆ, ಹೀಗೆ ಬೇರೆ ಬೇರೆ ತೆಗೆದು ಕಂಪ್ಯೂಟರಿನಲ್ಲಿ ಒಂದರೊಳಗೊಂದು ಬೆರೆಸಬೇಕು. ಎಚ್‌ಡಿಆರ್ ಅಂದರೆ ಇದೇ. ಪುಸ್ತಕದಲ್ಲಿ ಓದಿದ್ದಳು, ಸ್ಟುಡಿಯೋದ ಕಿಟಕಿಯ ಮೇಲೆ ಮಾಡಿ ನೋಡಿದ್ದಳು. ಗಿರಾಕಿಗೆ ಮಾಡಿಕೊಟ್ಟಿರಲಿಲ್ಲ.

ಕುರುಗೋಡಿನ ಮನೆಯ ಹೊಸ್ತಿಲು ದಾಟಿದರೆ ಮೊದಲು ಎತ್ತು ಕಟ್ಟುವ ಜಾಗ, ಅದರಾಚೆ ಮೆಟ್ಟಿಲು ಹತ್ತಿದರೆ ಪಡಸಾಲೆ. ದಪ್ಪ ಮರದ ಕಂಬಗಳು, ಸಗಣಿ ಸಾರಿಸಿದ ನೆಲ, ಮೇಲೆ ಬೆಳಕಿಂಡಿ. ಅದರಿಂದ ಬಿಸಿಲಿನ ಕೋಲೊಂದು ಓರೆಯಾಗಿ ಇಳಿದು ಬೀಸುಕಲ್ಲಿನ ಮೇಲೆ ಬಿದ್ದಿತ್ತು. ಅದೊಂದು ಬಿಟ್ಟರೆ ಉಳಿದದ್ದೆಲ್ಲ ತಂಪು ಕತ್ತಲೆ. ಅಡುಗೆಮನೆಯ ಪಕ್ಕದ ಮೂಲೆಯಲ್ಲಿ ಜೋಳ ತುಂಬಿಡುವ ಮಣ್ಣಿನ ಗುಡಾಣ ಇದೆಯೆಂದು ಎರ್ರಿಸ್ವಾಮಿ ಹೇಳಿದ ಮೇಲೇ ಗೊತ್ತಾದದ್ದು. ಬಿಸಿಲಿನಿಂದ ಬಂದ ಕಣ್ಣಿಗೆ ಅಲ್ಲೊಂದು ಮೂಲೆಯಿದೆ ಎಂಬುದೂ ಕಾಣುತ್ತಿರಲಿಲ್ಲ.

ಎರ್ರಿಸ್ವಾಮಿಯ ತಾಯಿ ಪಕ್ಕೀರಮ್ಮ ಇವರಿಗೆ ಕುಡಿಯಲು ಮಜ್ಜಿಗೆ ಕೊಟ್ಟಳು. ಅವಳ ಅಪ್ಪ ಸಿರುಗುಪ್ಪದವನು. ಹುಟ್ಟಿದ ಕೂಸುಗಳು ಉಳಿಯದಿದ್ದಾಗ ದರ್ಗಾದ ಫಕೀರಸ್ವಾಮಿಗೆ ಹರಕೆ ಹೊತ್ತು ಹಡೆದ ಮಗಳೆಂದು ಆ ಹೆಸರಿಟ್ಟದ್ದಂತೆ. ಇಮಾಮಸಾಬರನ್ನು ನೋಡಿದೊಡನೆ, "ನಮ್ಮ ಮಂದೀನ ಬಂದ್ರು ಬಿಡು," ಅಂತ ಬಾಯ್ತುಂಬ ನಕ್ಕಿದ್ದಳು. ಇಂಥ ನಗು ಇರುವವಳಿಗೆ ಮನೆ ಬೀಳುವ ದುಃಖವೇನೂ ಇದ್ದಂತಿಲ್ಲ ಅಂದುಕೊಂಡಳು ಆಫ್ರೀನ್.

ಕ್ಯಾಮೆರಾ ಕೂರಿಸಿದ್ದಾಯಿತು. "ಎಲ್ಲಾರೂ ಹೊರಗ ಹೋಗ್ರಿ. ಒಂದು ನೊಣ ಅಲುಗಾಡಬಾರ್ದು," ಅಂತ ಇಮಾಮಸಾಬರು ಹಳೆಯ ಕಾಲದ ಗತ್ತಿನಲ್ಲಿ ಕೂಗಿದರು. ಎರ್ರಿಸ್ವಾಮಿ, ಅವನ ಹೆಂಡತಿ ಭಾಗ್ಯ, ಮಗು ಎಲ್ಲರೂ ಬೇವಿನ ಮರದ ಕೆಳಗೆ ಹೋಗಿ ನಿಂತರು. ಪಕ್ಕೀರಮ್ಮ ಕಾಣಲಿಲ್ಲ. "ಅವ್ವ ಹಿತ್ತಲದಾಗ ಅದಾಳ, ನೀವು ತೆಗೀರಿ," ಅಂದ ಎರ್ರಿಸ್ವಾಮಿ. ತೆಗೆದರು.

ಕಂಪ್ಯೂಟರಿಗೆ ಹಾಕಿದ ಮೇಲೆ ಶುರುವಾಯಿತು ಕಾಟ. ಬೆರೆಸಿದ ಫೋಟೋದಲ್ಲಿ ಬೆಳಕಿಂಡಿಯ ಸುತ್ತ ಬಿಳಿ ಅಂಚೊಂದು ಮೂಡಿ, ಯಾರೋ ಸುಣ್ಣದಲ್ಲಿ ಗೀಟು ಎಳೆದಂತಿತ್ತು. ಆ ಬೆರಕೆಯ ಜೋರು ತಗ್ಗಿಸಿದಳು, ಅಂಚು ಹೋಯಿತು, ಜೊತೆಗೆ ಬಿಸಿಲುಕೋಲಿನ ಜೀವವೂ ಹೋಗಿ ಬೂದಿ ಬಣ್ಣಕ್ಕೆ ತಿರುಗಿತು. ಅದನ್ನು ಸರಿಮಾಡಲು ಹೋದರೆ ಕಂಬಗಳೆಲ್ಲ ಎಣ್ಣೆ ಹಚ್ಚಿದ ಪೈಲ್ವಾನರ ಹಾಗೆ ಮಿರಮಿರ ಮಿಂಚಿದವು. ಗಾಳಿಯಲ್ಲಿದ್ದ ಅದಿರಿನ ಧೂಳು ನೆಲದ ಸಗಣಿಗೂ ಕೆಂಪು ಬಳಿದಿತ್ತು. ಒಂದೊಂದನ್ನೇ ಒದ್ದಾಡಿ ಹದಕ್ಕೆ ತಂದಳು. ಕೊನೆಗೆ ಮನೆಯ ಮೂಲೆ ಮೂಲೆಯೂ ನಿಚ್ಚಳವಾಗಿ ಕಾಣುವ ಫೋಟೋ ಬಂತು. ಗುಡಾಣದ ಪಕ್ಕ ಮಾತ್ರ ತೆಳ್ಳನೆಯ ಮಬ್ಬು ಇತ್ತು. ಯಾವುದೋ ಅರಿವೆ ಗಂಟಿರಬೇಕು, ಗಾಳಿಗೆ ಅಲುಗಾಡಿದೆ ಅಂದುಕೊಂಡು ಬಿಟ್ಟಳು. ಅಬ್ಬಾ ನೋಡಿ, "ಕಣ್ಣಿಗಿ ಹಬ್ಬ ಆಗೈತಿ," ಅಂದರು. ಆಫ್ರೀನ್ ಹೆಮ್ಮೆಯಿಂದ ಉಬ್ಬಿಹೋದಳು.

ಕುರುಗೋಡಿಗೆ ಒಯ್ದು ತೋರಿಸಿದಾಗ ಎರ್ರಿಸ್ವಾಮಿಗೂ ಹಾಗೇ ಅನ್ನಿಸಿರಬೇಕು. "ಏನ್ ಕ್ಲಿಯರ್ ಐತಿ!" ಅಂತ ಫೋಟೋದ ಮೇಲೆ ಬೆರಳಾಡಿಸುತ್ತ ಬಂದವನು ಗುಡಾಣದ ಹತ್ತಿರ ಬೆರಳು ನಿಲ್ಲಿಸಿದ. ಆಮೇಲೆ ಫೋನನ್ನು ಕಿವಿಗಿಟ್ಟುಕೊಂಡು ಹೊರಗೆ ಹೋದ. ಫೋನು ಹೊಡೆದುಕೊಂಡದ್ದು ಆಫ್ರೀನಳಿಗೆ ಕೇಳಿಸಿರಲಿಲ್ಲ, ಆದರೆ ಆಗ ಅವಳ ಗಮನವೆಲ್ಲ ಪಕ್ಕೀರಮ್ಮನ ಮುಖದ ಮೇಲಿತ್ತು. ಆ ಮುಖ ಬಾಡಿಹೋಗಿತ್ತು.

"ಕತ್ತಲಿ ಎಲ್ಲಿಟ್ಟೆವ್ವ?"

"ಏನಮ್ಮಾ?"

"ನಮ್ಮನ್ಯಾಗ ಕತ್ತಲಿ ಇತ್ತಲ್ಲ, ಅದೆಲ್ಲಿ? ಇದು ಪೇಟೆ ಅಂಗಡಿ ಆಗೈತಿ. ಇದು ನಮ್ಮನಿ ಅಲ್ಲ. ಇದನ್ನ ಯಾರಿಗೂ ತೋರಸಬ್ಯಾಡ."

ಬಸ್ಸಿನಲ್ಲಿ ಬಳ್ಳಾರಿಗೆ ವಾಪಸ್ಸಾಗುವಾಗ ಆಫ್ರೀನಳಿಗೆ ಸಿಟ್ಟು ನೆತ್ತಿಗೇರಿತ್ತು. ಕತ್ತಲೆಯನ್ನು ಓಡಿಸುವುದಕ್ಕೇ ಅಲ್ಲವೆ ಇಷ್ಟೆಲ್ಲ ಒದ್ದಾಡಿದ್ದು? ಈ ಮುದುಕಿಗೆ ಮನೆ ಬಿಡಲು ಮನಸ್ಸಿಲ್ಲ, ಫೋಟೋದ ನೆಪ ಹೇಳುತ್ತಿದ್ದಾಳೆ ಅಂದುಕೊಂಡಳು. ಅಂದುಕೊಂಡ ಮೇಲೆ ಪಾಪ ಅನ್ನಿಸಿತು. ತಾನು ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿದರೆ ಆ ಮನೆ ಅಷ್ಟು ಬೇಗ ಬೀಳುತ್ತದೆ. ಆದರೆ ಮಾಡದೆ ಬಿಟ್ಟರೆ ಮಳೆಗಾಲ ಬರುತ್ತದೆ, ಮಾಳಿಗೆಯಲ್ಲಿ ಹಾವಿದೆ, ತೊಟ್ಟಿಲಲ್ಲಿ ಮಗುವಿದೆ.

ಎರಡನೆಯ ಸಲ ಮೂಲೆಗಳನ್ನು ಕೊಂಚ ಕಪ್ಪಾಗಿಸಿದಳು. ಗುಡಾಣದ ಪಕ್ಕದ ಮಬ್ಬನ್ನೂ ತೆಗೆದಳು. ಒಂದು ಫೋಟೋಗೂ ಇನ್ನೊಂದಕ್ಕೂ ನಡುವೆ ಏನಾದರೂ ಅಲುಗಾಡಿದರೆ ಹೀಗೆ ಅರ್ಧಂಬರ್ಧ ಮೂಡುತ್ತದೆ. ಸಾಫ್ಟ್‌ವೇರಿನವರು ಅದಕ್ಕೆ ಘೋಸ್ಟ್ ಅಂತ ಹೆಸರಿಟ್ಟು, ಓಡಿಸಲು ಒಂದು ಬಟನ್ನನ್ನೂ ಇಟ್ಟಿದ್ದರು. ಅದನ್ನು ಒತ್ತಿ, "ದೆವ್ವ ಬಿಡಸೀನಿ ಅಬ್ಬಾ," ಅಂತ ಆಫ್ರೀನ್ ನಕ್ಕಳು. ಮಬ್ಬು ಮಾಯವಾಗಿ ಬರೀ ಗೋಡೆ ಉಳಿಯಿತು.

ಪಕ್ಕೀರಮ್ಮ ಆ ಪ್ರಿಂಟನ್ನು ತೊಡೆಯ ಮೇಲಿಟ್ಟುಕೊಂಡು ನೇರವಾಗಿ ಗುಡಾಣದ ಪಕ್ಕಕ್ಕೇ ಕಣ್ಣು ಹಾಯಿಸಿದಳು. ಅಲ್ಲಿ ಬೆರಳಿಟ್ಟು ಸವರಿದಳು. ಈ ಸಲ ಸಿಟ್ಟೂ ಮಾಡಲಿಲ್ಲ.

"ಇದರಾಗ ಯಾರೂ ಇಲ್ಲಲ್ಲವ್ವ," ಅಂದಳು. "ಬರೀ ಮನಿ ಐತಿ."

"ಬರೀ ಮನೀದ ಅಲ್ಲೇನಮ್ಮಾ ನೀವು ಹೇಳಿದ್ದು?"

ಪಕ್ಕೀರಮ್ಮ ಪ್ರಿಂಟನ್ನು ಮಡಿಲಿನಿಂದ ಎತ್ತಿಕೊಟ್ಟಳು. ಅಂಗಳದಲ್ಲಿ ಎರ್ರಿಸ್ವಾಮಿ ಜೆಸಿಬಿಯವನಿಗೆ ಇನ್ನೊಂದು ವಾರ ತಡಿ ಅಂತ ಫೋನಿನಲ್ಲಿ ಹೇಳುತ್ತಿದ್ದ.

ಮರುದಿನ ಆಫ್ರೀನ್ ಬೆರೆಸುವುದನ್ನು ಬಿಟ್ಟು ಮೂಲ ಫೋಟೋಗಳನ್ನೇ ಒಂದೊಂದಾಗಿ ತೆರೆದು ನೋಡುತ್ತ ಕೂತಳು. ಮೊದಲೇ ಮಾಡಬೇಕಾಗಿದ್ದ ಕೆಲಸ. ಕಪ್ಪು ಫೋಟೋದಲ್ಲಿ ಬೆಳಕಿಂಡಿ ಬಿಟ್ಟರೆ ಏನೂ ಇರಲಿಲ್ಲ. ಹದವಾದದ್ದರಲ್ಲಿ ಗುಡಾಣದ ಪಕ್ಕ ಏನೋ ಒಂದು ಇದ್ದ ಹಾಗಿತ್ತು. ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದಿಟ್ಟು ತೆಗೆದ, ತೀರ ಬೆಳ್ಳಗಿನ ಫೋಟೋವನ್ನು ತೆರೆದು ಆ ಮೂಲೆಯನ್ನು ದೊಡ್ಡದು ಮಾಡಿದಳು.

ಅರಿವೆ ಗಂಟಲ್ಲ. ಪಕ್ಕೀರಮ್ಮ. ಮೊಣಕಾಲು ಮಡಚಿ, ಗುಡಾಣಕ್ಕೆ ಒಂದು ಕೈ ಹಚ್ಚಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಎಲ್ಲರೂ ಹೊರಗೆ ಹೋದ ಮೇಲೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಕತ್ತಲೆಯಲ್ಲಿ ಸೇರಿಕೊಂಡಿದ್ದಾಳೆ. ಯಾರಿಗೂ ಕಾಣುವುದಿಲ್ಲವೆಂದು ನಂಬಿ ಅಲ್ಲಿ ಅತ್ತಿದ್ದಾಳೆ. ನಾನು ಮೊದಲ ಪ್ರಿಂಟಿನಲ್ಲಿ ಅವಳ ಅಳುವನ್ನು ಬೆಳಕಿಗೆ ಎಳೆದು ಮಗನ ಕೈಗೆ ಕೊಟ್ಟೆ. ಎರಡನೆಯದರಲ್ಲಿ ದೆವ್ವವೆಂದು ಒರೆಸಿಹಾಕಿದೆ ಅಂದುಕೊಂಡಳು ಆಫ್ರೀನ್. ಅವಳ ಕಣ್ಣು ತುಂಬಿ ಬಂತು.

ಇಮಾಮಸಾಬರು ಹಿಂದಿನಿಂದ ಬಂದು ಪರದೆಯನ್ನು ನೋಡಿದರು.

"ಯಾರ ಮುಂದೂ ಅನಬ್ಯಾಡ," ಅಂದರು. "ನಿಮ್ಮಮ್ಮಿ ತೀರಿಹೋದಾಗ ನನಗ ಡಾರ್ಕ್ ರೂಮ್ ಇತ್ತು. ಯಾರೂ ಬಾಗಿಲ ತೆಗೀತಿದ್ದಿಲ್ಲ, ತೆಗದ್ರ ಫೋಟೋ ಕೆಡತಾವ ಅಂತ. ಆ ಅಮ್ಮಗ ಆ ಮೂಲಿ."

ಚಿಕ್ಕಂದಿನಲ್ಲಿ ಅಬ್ಬಾ ಕಣ್ಣು ಕೆಂಪು ಮಾಡಿಕೊಂಡು ಆ ಕೋಣೆಯಿಂದ ಹೊರಬಂದಾಗಲೆಲ್ಲ, ಔಷಧಿಯ ಘಾಟು ಅಂತಲೇ ಆಫ್ರೀನ್ ತಿಳಿದಿದ್ದಳು. ಅದೇ ಕೋಣೆಯಲ್ಲಿ ಈಗ ಟ್ಯೂಬ್‌ಲೈಟು ಹಾಕಿಕೊಂಡು ಕೂತಿದ್ದಳು. ಹೊರಗೆ ರಸ್ತೆಯಲ್ಲಿ ಹೋಗುವ ಮಂದಿಗೆಲ್ಲ ಗಾಜಿನ ಬಾಗಿಲಿನಿಂದ ಅವಳ ಅಳು ಕಾಣುತ್ತಿತ್ತು. ಎದ್ದು ಹೋಗಿ ಬಾಗಿಲಿಗೆ ತನ್ನ ದುಪಟ್ಟ ಇಳಿಬಿಟ್ಟು ಬಂದಳು.

ಆಮೇಲೆ ಬಟನ್ನುಗಳ ಗೊಡವೆಗೇ ಹೋಗಲಿಲ್ಲ. ಹದವಾದ ಫೋಟೋವನ್ನು ಕೆಳಗಿಟ್ಟು, ಉಳಿದವನ್ನು ಅದರ ಮೇಲೆ ಹಾಸಿ, ಎಲ್ಲಿ ಎಷ್ಟು ಬೇಕೋ ಅಷ್ಟನ್ನೇ ಮೌಸಿನ ಕುಂಚದಿಂದ ಬಿಡಿಸುತ್ತ ಹೋದಳು. ಅಬ್ಬಾ ಹಿಂದೆ ಪ್ರಿಂಟ್ ಮಾಡುವಾಗ ಬೆಳಕಿಗೆ ಅಂಗೈ ಅಡ್ಡ ಹಿಡಿದು, ಒಂದು ಕಡೆ ಕಡಿಮೆ, ಒಂದು ಕಡೆ ಹೆಚ್ಚು ಮಾಡುತ್ತಿದ್ದದ್ದು ಇದನ್ನೇ. ಬೆಳಕಿಂಡಿಯನ್ನು ಕಪ್ಪು ಫೋಟೋದಿಂದ ತಂದಳು, ಬಿಸಿಲುಕೋಲಿನಲ್ಲಿ ಧೂಳು ಹಾಗೇ ಇರಲಿ ಅಂತ ಬಿಟ್ಟಳು. ಮೂಲೆಗೆ ಬಂದಾಗ ಮಾತ್ರ ಕುಂಚವನ್ನು ತೀರ ಸಣ್ಣದು ಮಾಡಿಕೊಂಡಳು. ತುಸು ಹೆಚ್ಚಾದರೆ ಪಕ್ಕೀರಮ್ಮ ಎಲ್ಲರಿಗೂ ಕಾಣುತ್ತಾಳೆ, ತುಸು ಕಡಿಮೆಯಾದರೆ ಇಲ್ಲವಾಗಿಯೇ ಬಿಡುತ್ತಾಳೆ. ಬೆಳ್ಳಗಿನ ಫೋಟೋದಿಂದ ಅವಳನ್ನು ಇಷ್ಟೇ ಇಷ್ಟು ತಂದು ಕತ್ತಲೆಯೊಳಗೆ ಕೂರಿಸಿದಳು. ಪ್ರಿಂಟ್ ಹಾಕಿ ನೋಡಿದಳು, ಹರಿದಳು, ಮತ್ತೆ ಹಾಕಿದಳು.

ಮೂರನೆಯ ಸಲ ಕುರುಗೋಡಿಗೆ ಹೋದಾಗ ಎರ್ರಿಸ್ವಾಮಿ ಮನೆಯಲ್ಲಿರಲಿಲ್ಲ. ಭಾಗ್ಯ ಒಲೆಯ ಮುಂದಿದ್ದಳು. ಪಡಸಾಲೆಯಲ್ಲಿ ಪ್ರಿಂಟ್ ಬಿಚ್ಚಿದಾಗ ಪಕ್ಕೀರಮ್ಮ ಬಿಸಿಲುಕೋಲು ನೋಡಿದಳು, ಬೀಸುಕಲ್ಲು ನೋಡಿದಳು, ಕಪ್ಪಾಗಿದ್ದ ಮೂಲೆಯನ್ನು ನೋಡಿದಳು.

"ಕತ್ತಲಿ ಬಂದೈತಿ," ಅಂದಳು. ದನಿಯಲ್ಲಿ ಇನ್ನೂ ಏನೋ ಕೊರತೆಯಿತ್ತು.

"ಹೊರಗ ಬರ್ರಿ ಅಮ್ಮಾ. ಬಿಸಲಿಗೆ ಹಿಡದು ನೋಡ್ರಿ."

ಹೊಸ್ತಿಲಾಚೆ ಸುಡುಬಿಸಿಲಿಗೆ ಹಿಡಿದಾಗ ಪಕ್ಕೀರಮ್ಮ ಪ್ರಿಂಟನ್ನು ಕಣ್ಣಿನ ಹತ್ತಿರ ತಂದಳು. ಕಪ್ಪಿನೊಳಗೆ, ಗುಡಾಣದ ಪಕ್ಕ, ಕೂತವಳ ಆಕಾರವೊಂದು ಇತ್ತು. ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು ಇತ್ತು.

"ನೀ ನೋಡೀಯಲ್ಲವ್ವ ನನ್ನ."

"ನೋಡೀನಿ. ಅಬ್ಬಾ ನೋಡ್ಯಾರ. ಮತ್ಯಾರೂ ಇಲ್ಲ."

ಪಕ್ಕೀರಮ್ಮ ಕಟ್ಟೆಯ ಮೇಲೆ ಕೂತಳು. "ಮದಿವ್ಯಾಗಿ ಬಂದಾಗಿಂದ ಅದ ನನ್ನ ಜಾಗ. ಅತ್ತಿ ಬೈದಾಗ ಅಲ್ಲಿ ಕುಂತೀನಿ. ಎರ್ರಿಸ್ವಾಮಿಗಿಂತ ಮದ್ಲ ಒಂದು ಹೆಣ್ಣುಕೂಸು ಹೋತು, ಆವಾಗೂ ಅಲ್ಲೇ ಕುಂತೀನಿ. ಇವನಪ್ಪ ಹೋದಾಗೂ ಅಲ್ಲೇ. ಮಗನ ಮುಂದ ನಕ್ಕೊಂತ ಹ್ಞೂಂ ಅಂದೀನವ್ವ. ನಾ ಅಳೂದು ನೋಡಿದ್ರ ಅಂವ ಮನಿ ಕಟ್ಟೂದ ಬಿಟ್ಟಬಿಡ್ತಾನ. ಹಾವು ಬೀಳೂ ಮನ್ಯಾಗ ಮೊಮ್ಮಗನ್ನ ಹೆಂಗ ಮಲಗಸ್ಲಿ? ಮನಿ ಹೋಗಬೇಕು, ಖರೇನ. ಆದ್ರ ಫೋಟೋದಾಗ ಅದು ಒಂಟಿ ಇರೂದು ಬ್ಯಾಡ ಅನ್ನಸ್ತು. ಜೊತೀಗೆ ಕುಂತೆ."

ಪಕ್ಕೀರಮ್ಮ ಆಫ್ರೀನಳ ಗಲ್ಲ ಸವರಿ ಲಟಿಕೆ ಮುರಿದಳು.

ಸಂಜೆ ಎರ್ರಿಸ್ವಾಮಿ ಬಂದು ಫೋಟೋ ಕೈಗೆತ್ತಿಕೊಂಡ. "ಅವ್ವಾ, ಈ ಮೂಲಿ ಮದ್ಲಿಗಿಂತ ಕಪ್ಪಾಗೈತಲ್ಲ."

"ಕಪ್ಪ ಇತ್ತಲೇ ಅದು. ಇದ ನಮ್ಮನಿ. ನಿನ್ನ ಜೆಸಿಬಿಯವಂಗ ಬಾ ಅನ್ನು," ಅಂದಳು ಪಕ್ಕೀರಮ್ಮ. ಮಗ ಅಲ್ಲೇ ನಿಂತು ಫೋನು ಹಚ್ಚಿದ.

ಮುಂದಿನ ವರ್ಷ ಗೃಹಪ್ರವೇಶಕ್ಕೆ ಇಮಾಮಸಾಬರಿಗೂ ಆಫ್ರೀನಳಿಗೂ ಕರೆ ಬಂತು. ಫೋಟೋ ತೆಗೆಯಲಿಕ್ಕಲ್ಲ, ಊಟಕ್ಕೆ. ಮೂರಂತಸ್ತಿನ ಮನೆ, ಕಾಲು ಜಾರುವಂಥ ನೆಲ, ಸೂರಿನ ತುಂಬ ಒಳಗೊಳಗೆ ಹುದುಗಿಸಿದ ದೀಪಗಳು. ಸ್ವಿಚ್ ಒತ್ತಿದರೆ ನೆರಳೇ ಬೀಳುತ್ತಿರಲಿಲ್ಲ. ಆಫ್ರೀನಳ ಫೋಟೋಗೆ ಬಂಗಾರದ ಬಣ್ಣದ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದರು. ಬಂದ ನೆಂಟರು ಅದರ ಮುಂದೆ ನಿಂತು, "ಎಲ್ಲಾ ಚೊಲೋ ಐತಿ, ಇದೊಂದು ಮೂಲಿ ಕೆಡಸ್ಯಾರ ನೋಡು," ಅಂತ ಮೂಗು ಮುರಿಯುತ್ತಿದ್ದರು. ಆಫ್ರೀನ್ ಕೇಳಿಸಿಕೊಂಡು ಮನಸ್ಸಿನಲ್ಲೇ ನಕ್ಕಳು. ಅವಳ ಕೆಲಸಕ್ಕೆ ಅದಕ್ಕಿಂತ ದೊಡ್ಡ ಶಾಭಾಸ್‌ಗಿರಿ ಆಮೇಲೂ ಸಿಗಲಿಲ್ಲ.

ಆದರೂ ಅವಳ ಕಣ್ಣು ಸುಮ್ಮನಿರಬೇಕಲ್ಲ. ಇಷ್ಟೆಲ್ಲ ದೀಪಗಳ ನಡುವೆ ಅಡುಗೆಮನೆಯ ಪಕ್ಕದ ಒಂದು ಮೂಲೆ ಮಾತ್ರ ಕತ್ತಲಾಗಿತ್ತು. ಅಲ್ಲಿ ಕಿಟಕಿಯಿರಲಿಲ್ಲ. ಬೆಳಕು ಹೋಗದಂತೆ ಒಂದು ಮೋಟುಗೋಡೆ ಅಡ್ಡ ಬಂದಿತ್ತು. ಅದರಾಚೆ ಹಳೆಯ ಮಣ್ಣಿನ ಗುಡಾಣದ ಹೊಟ್ಟೆ ಅರ್ಧ ಕಾಣುತ್ತಿತ್ತು. ಎಲೆ ಹಾಕಿಸುತ್ತ ಓಡಾಡುತ್ತಿದ್ದ ಎರ್ರಿಸ್ವಾಮಿಯನ್ನು ನಿಲ್ಲಿಸಿ ಕೇಳಿದಳು.

"ಅಣ್ಣಾ, ಕರೆಂಟಿನಂವ ಆ ಮೂಲಿ ಮರ್ತಾನೇನ್ರಿ?"

"ಮರ್ತಿಲ್ಲ ತಂಗಿ. ಅಲ್ಲಿ ಬಲ್ಬ್ ಬ್ಯಾಡ ಅಂತ ನಾನ ಹೇಳೀನಿ." ಅವನು ಸುತ್ತ ನೋಡಿ ದನಿ ತಗ್ಗಿಸಿದ. "ನೀ ಮದ್ಲ ಒಂದು ಫೋಟೋ ತಂದಿದ್ದಿ ನೋಡು, ಎಲ್ಲಾ ಬೆಳ್ಳಗಿತ್ತಲ್ಲ. ಅವ್ವನ ಸೀರಿ ನನಗ ಗುರುತ ಸಿಗಂಗಿಲ್ಲೇನು?"

ಕಿವಿಗಿಟ್ಟುಕೊಂಡಿದ್ದ, ಹೊಡೆದುಕೊಳ್ಳದ ಆ ಫೋನು ಆಫ್ರೀನಳಿಗೆ ಈಗ ನೆನಪಾಯಿತು.

"ಮನಿ ಹಂಗ ಬಿಡಬೇಕಂತ ಅವತ್ತ ಮನಸಾಗಿತ್ತು. ಬಿಟ್ಟಿದ್ರ, ಯಾಕ ಬಿಟ್ಟೆ ಅಂತ ಆಕೀಗೆ ತಿಳೀತಿತ್ತು. ಅದಕ್ಕ ಹಿಂಗ ಮಾಡೀನಿ. ಅವ್ವಗ ಹೇಳಬ್ಯಾಡ," ಅಂದ ಎರ್ರಿಸ್ವಾಮಿ.

ಅಷ್ಟರಲ್ಲಿ ಭಾಗ್ಯ ಆರತಿ ತಟ್ಟೆ ಹಿಡಿದುಕೊಂಡು ಹಜಾರಕ್ಕೆ ಬಂದಳು. "ಏನ್ರೀ, ಅತ್ತಿ ಎಲ್ಲಿ ಹೋದ್ರು? ಎಲ್ಲಾ ಕಡಿ ಹುಡುಕಿದೆ."

ಎರ್ರಿಸ್ವಾಮಿ ಮೋಟುಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ.

"ಹಿತ್ತಲದಾಗ ಇರಬೇಕು," ಅಂದ. "ಬರ್ತಾಳ ಬಿಡು."